ನೋಡದಿದ್ದರೂ ಬೆರಳು ಎಲ್ಲಿದೆಯೆಂದು ಮೆದುಳಿಗೆ ಹೇಗೆ ಗೊತ್ತು? ಓದುಗರ ಪ್ರಶ್ನೆಗಳಿಗೆ ಉತ್ತರ

ಕೈ ಮತ್ತು ಬೆರಳುಗಳ ಚಲನೆಯ ಅರಿವಿನ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಆರೋಗ್ಯದ ಪ್ರಶ್ನೆಗಳಿಗೆ ಇಲ್ಲಿ ಕೊಟ್ಟಿರುವ ಉತ್ತರ ವೈದ್ಯರ ತಪಾಸಣೆಗೆ ಬದಲಿಯಲ್ಲ. ತಪಾಸಣೆಗೆ ಹೋದಾಗ ಏನು ಹೇಳಬೇಕು, ಏನು ಕೇಳಬೇಕು ಎಂಬುದಕ್ಕೆ ಅದು ನೆರವಾದರೆ ಸಾಕು.

ಪ್ರಶ್ನೆ: ಮಲ್ಲಿಗೆ ಕಟ್ಟುವಾಗ ನನ್ನ ಕಣ್ಣು ಟಿವಿಯ ಕಡೆ ಇರುತ್ತದೆ. ಬೆರಳುಗಳು ತಮ್ಮ ಪಾಡಿಗೆ ಮೊಗ್ಗು ಜೋಡಿಸಿ, ಬಾಳೆನಾರು ಸುತ್ತಿ, ಗಂಟು ಬಿಗಿಯುತ್ತವೆ. ಯಾವ ಬೆರಳು ಎಷ್ಟು ಮಡಿಸಿದೆ ಎಂದು ಮೆದುಳಿಗೆ ತಿಳಿಯುವುದು ಹೇಗೆ? ಬೆರಳ ಗೆಣ್ಣುಗಳಲ್ಲಿ ಅಳೆಯುವ ನರ ಇದೆಯೇ?
— ಗೃಹಿಣಿ, ಶಂಕರಪುರ, ಉಡುಪಿ ಜಿಲ್ಲೆ

ಉತ್ತರ: ಗೆಣ್ಣುಗಳಲ್ಲಿ ನರತುದಿಗಳಿವೆ ನಿಜ, ಆದರೆ ಮುಖ್ಯ ಅಳತೆ ನಡೆಯುವುದು ಅಲ್ಲಲ್ಲ. ಬೆರಳು ಮಡಿಸುವ, ಚಾಚುವ ದೊಡ್ಡ ಸ್ನಾಯುಗಳು ಇರುವುದು ಮೊಣಕೈಗೂ ಮಣಿಕಟ್ಟಿಗೂ ನಡುವಿನ ಮುಂಗೈಯಲ್ಲಿ. ಬಲಗೈ ಬೆರಳುಗಳನ್ನು ಆಡಿಸುತ್ತ ಎಡಗೈಯಿಂದ ಬಲ ಮುಂಗೈಯನ್ನು ಹಿಡಿದುಕೊಳ್ಳಿ, ಒಳಗೆ ಸ್ನಾಯು ಹೊರಳುವುದು ತಿಳಿಯುತ್ತದೆ. ಈ ಸ್ನಾಯುಗಳೊಳಗೆ ಕೆಲವೇ ಮಿಲಿಮೀಟರ್ ಉದ್ದದ, ಕದಿರಿನಂತೆ ನಡು ಉಬ್ಬಿದ ಅಂಗಗಳಿವೆ. ವೈದ್ಯಶಾಸ್ತ್ರದಲ್ಲಿ ಮಸಲ್ ಸ್ಪಿಂಡಲ್ ಎನ್ನುತ್ತಾರೆ, ಇಲ್ಲಿ ಕದಿರು ಎಂದೇ ಕರೆಯೋಣ. ಸ್ನಾಯು ಹಿಗ್ಗಿದಾಗ ಕದಿರಿಗೆ ಸುತ್ತಿಕೊಂಡ ನರದ ಮಿಡಿತ ಹೆಚ್ಚುತ್ತದೆ. ಎಷ್ಟು ಹಿಗ್ಗಿತು ಎಂಬುದರ ಜೊತೆಗೆ ಎಷ್ಟು ವೇಗವಾಗಿ ಹಿಗ್ಗಿತು ಎಂಬುದನ್ನೂ ಅದು ಹೇಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನೀವು ಬೆರಳು ಮಡಿಸಿದಾಗ ಹಿಗ್ಗುವುದು ಚಾಚುವ ಸ್ನಾಯು, ಅಂದರೆ ಮುಂಗೈಯ ಹಿಂಬದಿಯದು. ಹಾಗಾಗಿ ಬೆರಳು ಮಡಿಸಿದ ಸುದ್ದಿ ಹೆಚ್ಚಾಗಿ ಬರುವುದು ಮಡಿಸುವ ಕೆಲಸ ಮಾಡಿದ ಸ್ನಾಯುವಿನಿಂದಲ್ಲ, ಅದರ ಎದುರಾಳಿಯಿಂದ.

ಸ್ನಾಯುವಿನ ಪಾಲು ಎಷ್ಟು ದೊಡ್ಡದು ಎಂಬುದನ್ನು ನೀವೇ ನೋಡಬಹುದು. ತೋರುಬೆರಳು, ಉಂಗುರ ಬೆರಳು, ಕಿರುಬೆರಳು ಮೂರನ್ನೂ ಇನ್ನೊಂದು ಕೈಯಿಂದ ನೆಟ್ಟಗೆ ಹಿಡಿದು, ನಡುಬೆರಳನ್ನು ಮಾತ್ರ ಮಧ್ಯದ ಗೆಣ್ಣಿನಲ್ಲಿ 90 ಡಿಗ್ರಿಗೆ ಮಡಿಸಿ. ಈಗ ಅದರ ತುದಿಯ ಗೆಣ್ಣು ಜೋಲಾಡುತ್ತದೆ, ನಿಮ್ಮ ಇಚ್ಛೆಯಿಂದ ಅದನ್ನು ಆಡಿಸಲು ಆಗುವುದಿಲ್ಲ. ಆಳದ ಮಡಿಸುವ ಸ್ನಾಯು ನಾಲ್ಕು ಬೆರಳಿಗೂ ಬಹುಪಾಲು ಒಟ್ಟಾಗಿ ದುಡಿಯುವುದರಿಂದ, ಮೂರು ಬೆರಳು ಚಾಚಿ ನಿಂತಾಗ ನಾಲ್ಕನೆಯದರ ತುದಿಗೆ ಅದರ ಹಿಡಿತ ತಪ್ಪುತ್ತದೆ. 1976ರಲ್ಲಿ ಆಸ್ಟ್ರೇಲಿಯಾದ ಗಾಂಡೇವಿಯಾ ಮತ್ತು ಮೆಕ್‌ಕ್ಲಾಸ್ಕಿ ಈ ಭಂಗಿಯನ್ನೇ ಬಳಸಿಕೊಂಡರು. ಸ್ನಾಯುವಿನ ಹಿಡಿತ ತಪ್ಪಿದ ಬೆರಳ ತುದಿಯನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿದಾಗ, ಯಾವ ಕಡೆಗೆ ಸರಿಯಿತು ಎಂದು ಹೇಳುವುದು ಜನರಿಗೆ ಕಷ್ಟವಾಯಿತು. ಹಿಡಿತ ಮರಳಿದಾಗ ಅರಿವು ಚುರುಕಾಯಿತು. ಕೀಲನ್ನೇ ತೆಗೆದು ಕೃತಕ ಕೀಲು ಜೋಡಿಸಿಕೊಂಡವರಿಗೂ ಆ ಭಾಗದ ಭಂಗಿ ತಿಳಿಯುತ್ತದೆ ಎಂಬುದೂ ಇದನ್ನೇ ಹೇಳುತ್ತದೆ. ಗೆಣ್ಣಿನ ನರತುದಿಗಳು ಹೆಚ್ಚಾಗಿ ಎಚ್ಚರಿಸುವುದು ಬೆರಳು ಮಡಿಕೆಯ ಅಥವಾ ಚಾಚುವಿಕೆಯ ಕೊನೆ ಮುಟ್ಟಿದಾಗ.

ಚರ್ಮವೂ ಸುದ್ದಿಗಾರನೇ. ಬೆರಳು ಮಡಿಸಿದರೆ ಗೆಣ್ಣಿನ ಮೇಲಿನ ಚರ್ಮ ಬಿಗಿಯುತ್ತದೆ, ಒಳಬದಿಯ ಚರ್ಮ ಸುಕ್ಕಾಗುತ್ತದೆ. 1995ರಲ್ಲಿ ಸ್ವೀಡನ್ನಿನ ಎಡಿನ್ ಮತ್ತು ಯೋಹಾನ್ಸನ್ ಬೆರಳಿನ ಚರ್ಮವನ್ನು ಹಾಗೆಯೇ ಎಳೆದು ತೋರಿಸಿದಾಗ ಜನರಿಗೆ ಬೆರಳು ಚಲಿಸಿದಂತೆ ಭಾಸವಾಯಿತು. ದಪ್ಪ ರಬ್ಬರ್ ಕೈಗವಸು ಹಾಕಿಕೊಂಡು ಹೂ ಕಟ್ಟಲು ಹೋದರೆ ಕೈ ಒಡ್ಡೊಡ್ಡಾಗುವುದಕ್ಕೆ ಸ್ಪರ್ಶ ಮರೆಯಾಗುವುದು ಒಂದು ಕಾರಣ, ಚರ್ಮದ ಈ ಎಳೆತದ ಸುದ್ದಿ ಕಲಸಿಹೋಗುವುದು ಇನ್ನೊಂದು. ನಾರು ಎಷ್ಟು ಬಿಗಿಯಾಗಿದೆ ಎಂಬುದನ್ನು ಹೇಳಲು ಸ್ನಾಯು ಮತ್ತು ಸ್ನಾಯುರಜ್ಜು ಸೇರುವ ಕಡೆ ಬೇರೆಯೇ ನರತುದಿಗಳಿವೆ. ಅವು ಉದ್ದವನ್ನಲ್ಲ, ಬಲವನ್ನು ಅಳೆಯುತ್ತವೆ.

ಪ್ರಶ್ನೆ: ಈ ಸಂಕೇತ ಮೆದುಳು ತಲುಪುವ ದಾರಿ ಯಾವುದು? ಎಷ್ಟು ಹೊತ್ತು ಬೇಕು? ಅಲ್ಲಿ ಮುಟ್ಟಿದ ಮೇಲೆ ಏನಾಗುತ್ತದೆ?
— ದ್ವಿತೀಯ ಪಿಯು ವಿದ್ಯಾರ್ಥಿ, ಕಲಬುರಗಿ

ಉತ್ತರ: ಮುಖ್ಯ ದಾರಿಯಲ್ಲಿ ನರಕೋಶಗಳು ಮೂರೇ. ಮೊದಲನೆಯದರ ಒಡಲು ಕುತ್ತಿಗೆಯಲ್ಲಿ, ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿದೆ. ಅದರ ಒಂದು ತುದಿ ಸ್ನಾಯುವಿನ ಕದಿರಿನಲ್ಲಿದ್ದರೆ, ಇನ್ನೊಂದು ತುದಿ ಬೆನ್ನುಹುರಿಯ ಹಿಂಭಾಗದ ಕಂಬದಲ್ಲಿ ಅದೇ ಬದಿಯಲ್ಲಿ ಮೇಲೇರಿ ಮೆದುಳಿನ ಬುಡದ ಮೆಡುಲ್ಲಾದಲ್ಲಿರುವ ಕ್ಯೂನಿಯೇಟ್ ಎಂಬ ನರಕೇಂದ್ರದವರೆಗೆ ಹೋಗುತ್ತದೆ. ಎರಡನೆಯ ನರಕೋಶ ಅಲ್ಲಿಂದ ಹೊರಟು ಎದುರು ಬದಿಗೆ ದಾಟಿ, ಮೆದುಳಿನ ನಡುವಿನ ಥಲಾಮಸ್ ಎಂಬ ಭಾಗವನ್ನು ಸೇರುತ್ತದೆ. ಮೂರನೆಯದು ಮೆದುಳಿನ ಹೊರಪದರಕ್ಕೆ ಒಯ್ಯುತ್ತದೆ. ಎಡಗೈಯ ಸುದ್ದಿ ಬಲ ಮೆದುಳಿಗೆ ಹೋಗುವುದು ಮೆಡುಲ್ಲಾದ ಈ ದಾಟುವಿಕೆಯಿಂದ.

ಮಣಿಕಟ್ಟಿನ ನಡುವೆ ಹಾಯುವ ಮೀಡಿಯನ್ ಎಂಬ ನರಕ್ಕೆ ಪುಟ್ಟ ವಿದ್ಯುತ್ ಮಿಡಿತ ಕೊಟ್ಟರೆ ಸುಮಾರು 20 ಮಿಲಿಸೆಕೆಂಡಿನಲ್ಲಿ ಹೊರಪದರದಲ್ಲಿ ಅದರ ಗುರುತು ಸಿಗುತ್ತದೆ. ದಾರಿಯ ಉದ್ದವನ್ನು ಹೆಚ್ಚುಕಡಿಮೆ 1 ಮೀಟರ್ ಎಂದುಕೊಂಡರೆ ವೇಗ ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿ.ಮೀ. ದಪ್ಪನೆಯ, ಮಯಲಿನ್ ಎಂಬ ಕೊಬ್ಬಿನಂಥ ಹೊದಿಕೆಯಿರುವ ನರತಂತುಗಳಾದ್ದರಿಂದ ಇದು ಸಾಧ್ಯ. ಸುಟ್ಟ ಮೇಲೆ ತಡವಾಗಿ ಏಳುವ ಉರಿನೋವನ್ನು ಒಯ್ಯುವ, ಹೊದಿಕೆಯಿಲ್ಲದ ತೆಳು ತಂತುಗಳ ವೇಗ ಸೆಕೆಂಡಿಗೆ 1 ಮೀಟರ್ ಆಸುಪಾಸು.

ಹೊರಪದರದಲ್ಲಿ ಮುಟ್ಟುವ ಜಾಗ ಒಂದೇ ಪಟ್ಟಿಯಲ್ಲ. ಹೊರಪದರದ ಭಾಗಗಳನ್ನು ಗುರುತಿಸುವ ಬ್ರಾಡ್‌ಮನ್ ಸಂಖ್ಯೆಗಳಲ್ಲಿ ಹೇಳುವುದಾದರೆ 3ಎ ಭಾಗಕ್ಕೆ ಮುಖ್ಯವಾಗಿ ಸ್ನಾಯುವಿನ ಸುದ್ದಿ, 3ಬಿ ಮತ್ತು 1ಕ್ಕೆ ಚರ್ಮದ ಸುದ್ದಿ. 2ನೇ ಭಾಗದಲ್ಲಿ ಎರಡೂ ಕೂಡುತ್ತವೆ. ಜೇಬಿನಲ್ಲಿ ಕೈಹಾಕಿ ಬೀಗದ ಕೈಯನ್ನೂ ನಾಣ್ಯವನ್ನೂ ಬೇರೆ ಮಾಡಲು ಈ ಕೂಡಿಕೆ ಬೇಕು, ಏಕೆಂದರೆ ವಸ್ತುವಿನ ಆಕಾರ ತಿಳಿಯಲು ಚರ್ಮ ಏನು ಮುಟ್ಟಿತು ಎಂಬುದರ ಜೊತೆಗೆ ಬೆರಳುಗಳು ಎಷ್ಟು ಅಗಲಿಸಿ ನಿಂತಿವೆ ಎಂಬುದೂ ತಿಳಿದಿರಬೇಕು. ಅದರ ಹಿಂದಿನ ಪರೈಟಲ್ ಭಾಗ ಕೈಯನ್ನು ಮೈಯ ಉಳಿದ ಭಾಗಕ್ಕೂ ಕಣ್ಣು ಕಂಡದ್ದಕ್ಕೂ ಹೊಂದಿಸುತ್ತದೆ. ಇನ್ನೊಂದು ಕವಲು ನೇರವಾಗಿ ಅನುಮಸ್ತಿಷ್ಕಕ್ಕೆ, ಅಂದರೆ ಕಿರುಮೆದುಳಿಗೆ ಹೋಗುತ್ತದೆ. ಆ ದಾರಿಯಲ್ಲಿ ಎಡಗೈಯ ಸುದ್ದಿ ಎಡ ಬದಿಯಲ್ಲೇ ಉಳಿಯುತ್ತದೆ.

ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಬಂದೀತು. ಆದರೆ ನಿಜವಾದ ಸೋಜಿಗ ಮುಂದಿನದು. ಮೆದುಳು ಸ್ನಾಯುವಿಗೆ 'ಕುಗ್ಗು' ಎಂದು ಅಪ್ಪಣೆ ಕೊಟ್ಟಾಗ ಕದಿರಿನ ಒಳಗಿನ ಎಳೆಗಳನ್ನೂ ಬಿಗಿ ಮಾಡುತ್ತದೆ. ಹಾಗೆ ಮಾಡದಿದ್ದರೆ ಸ್ನಾಯು ಗಿಡ್ಡವಾದೊಡನೆ ಕದಿರು ಸಡಿಲಬಿದ್ದು ಸುದ್ದಿ ನಿಂತುಹೋಗುತ್ತಿತ್ತು. ಇದರಿಂದ ಒಂದು ತೊಡಕು ಹುಟ್ಟುತ್ತದೆ. ಕದಿರಿನ ಮಿಡಿತ ಹೆಚ್ಚಾಗಿದ್ದು ಸ್ನಾಯು ಹಿಗ್ಗಿದ್ದರಿಂದಲೋ, ತಾನೇ ಕೊಟ್ಟ ಅಪ್ಪಣೆಯಿಂದಲೋ? ಇದನ್ನು ಬಿಡಿಸಲು ಮೆದುಳು ತನ್ನ ಅಪ್ಪಣೆಯ ಒಂದು ನಕಲನ್ನು ಇಟ್ಟುಕೊಂಡು, ಅದರಿಂದ ಬರಬೇಕಾದ ಸುದ್ದಿಯನ್ನು ಬಂದ ಸುದ್ದಿಯಿಂದ ಕಳೆಯುತ್ತದೆ. 1950ರಲ್ಲಿ ಜರ್ಮನಿಯಲ್ಲಿ ಫಾನ್ ಹೋಲ್ಸ್ಟ್ ಮತ್ತು ಮಿಟೆಲ್‌ಸ್ಟೆಡ್, ಅಮೆರಿಕದಲ್ಲಿ ಸ್ಪೆರಿ ಈ ವಿಚಾರವನ್ನು ಬೇರೆಬೇರೆಯಾಗಿ ಮುಂದಿಟ್ಟರು. ಅಪ್ಪಣೆಯ ನಕಲಿಗೆ ಎಷ್ಟು ಬಲವಿದೆ ಎಂಬುದು 2006ರ ಒಂದು ಪ್ರಯೋಗದಲ್ಲಿ ಕಂಡಿತು. ತೋಳಿಗೆ ಪಟ್ಟಿ ಬಿಗಿದು, ಕೈಯ ಅರಿವೂ ಚಲನೆಯೂ ಪೂರ್ತಿ ಹೋಗುವಂತೆ ಮಾಡಿ, ಕೈ ಮಡಿಸಲು ಯತ್ನಿಸಿ ಎಂದಾಗ, ಕೈ ಕದಲದೇ ಇದ್ದರೂ ಮಡಿಸಿದಂತೆಯೇ ಜನರಿಗೆ ಅನ್ನಿಸಿತು.

ವೇಗದ ಕೆಲಸಗಳಿಗೆ ಈ ಮುನ್ನೋಟ ಬೇಕೇಬೇಕು. ಮೃದಂಗದಲ್ಲಿ ಸೆಕೆಂಡಿಗೆ ಹತ್ತು ಪೆಟ್ಟು ಎಂದರೆ ಒಂದೊಂದಕ್ಕೆ 100 ಮಿಲಿಸೆಕೆಂಡು. ಸುದ್ದಿ ಬಂದು, ತಪ್ಪು ತಿಳಿದು, ತಿದ್ದುವ ಅಪ್ಪಣೆ ಹೊರಡುವಷ್ಟರಲ್ಲಿ ಮುಂದಿನ ಪೆಟ್ಟು ಬಿದ್ದಿರುತ್ತದೆ. ಆದ್ದರಿಂದ ಕಿರುಮೆದುಳು ಮೊದಲೇ ಊಹಿಸಿ ನಡೆಸುತ್ತದೆ. ಹಿಂದಿನ ಪೆಟ್ಟಿನ ಸುದ್ದಿ ಮುಂದಿನ ಊಹೆಯನ್ನು ತಿದ್ದಲು ಒದಗುತ್ತದೆ.

ಕದಿರಿನ ನರತುದಿ ಎಳೆತವನ್ನು ವಿದ್ಯುತ್ ಮಿಡಿತವಾಗಿಸುವುದು ಪಿಯೆಜೋ2 ಎಂಬ ಪ್ರೋಟೀನಿನಿಂದ. ಈ ಪ್ರೋಟೀನುಗಳನ್ನು ಗುರುತಿಸಿದ ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಪ್ರಶಸ್ತಿಯನ್ನು ಡೇವಿಡ್ ಜೂಲಿಯಸ್ ಜೊತೆ ಹಂಚಿಕೊಂಡರು. ಹುಟ್ಟಿನಿಂದಲೇ ಈ ಪ್ರೋಟೀನ್ ಕೆಲಸ ಮಾಡದ ಇಬ್ಬರ ಬಗ್ಗೆ 2016ರಲ್ಲಿ ಅಮೆರಿಕದಲ್ಲಿ ವರದಿಯಾಯಿತು. ಕಣ್ಣು ಮುಚ್ಚಿದರೆ ಬೆರಳನ್ನು ಮೇಲೆ ಮಾಡಿದರೋ ಕೆಳಗೆ ಮಾಡಿದರೋ ಅವರಿಗೆ ತಿಳಿಯುತ್ತಿರಲಿಲ್ಲ.

ಪ್ರಶ್ನೆ: ಇದನ್ನು ತರಗತಿಯಲ್ಲಿ ಹೆಚ್ಚು ಖರ್ಚಿಲ್ಲದೆ ತೋರಿಸಬಹುದಾದ ಪ್ರಯೋಗಗಳಿವೆಯೇ?
— ಪ್ರೌಢಶಾಲಾ ಶಿಕ್ಷಕರು, ಚಿತ್ರದುರ್ಗ

ಉತ್ತರ: ನಾಲ್ಕನ್ನು ಹೇಳುತ್ತೇವೆ. ಮೂರನೆಯದೇ ನಮ್ಮ ಮೆಚ್ಚಿನದು, ಅದಕ್ಕೆ ಒಂದು ಅವಧಿ ಮೀಸಲಿಡಿ.

ಒಂದು, ಅರಿಸ್ಟಾಟಲನ ಕಾಲದಿಂದ ಬಂದದ್ದು. ನಡುಬೆರಳನ್ನು ತೋರುಬೆರಳ ಮೇಲೆ ಹಾಯಿಸಿ, ಎರಡೂ ತುದಿಗಳ ನಡುವಿನ ಸಂದಿನಲ್ಲಿ ಒಂದು ಕಡಲೆಕಾಳನ್ನು ಇಟ್ಟು ಕಣ್ಣು ಮುಚ್ಚಿ ಹೊರಳಿಸಿ. ಎರಡು ಕಾಳುಗಳಿದ್ದಂತೆ ಭಾಸವಾಗುತ್ತದೆ. ಈಗ ಕಾಳಿಗೆ ತಗಲುತ್ತಿರುವುದು ಎರಡು ಬೆರಳುಗಳ ಹೊರಬದಿಗಳು. ಸಹಜ ಭಂಗಿಯಲ್ಲಿ ಒಂದೇ ಸಣ್ಣ ವಸ್ತು ಅವೆರಡನ್ನೂ ಒಟ್ಟಿಗೆ ಮುಟ್ಟಲಾರದು. ಬೆರಳು ಹಾಯ್ದಿದೆ ಎಂದು ತಿಳಿದಿದ್ದರೂ ಸ್ಪರ್ಶವನ್ನು ಓದುವಾಗ ಮೆದುಳು ಹಳೆಯ ಜೋಡಣೆಯನ್ನೇ ನಂಬುತ್ತದೆ. ಕಾಳನ್ನು ಹೊರಳಿಸದೆ ಒತ್ತಿ ಹಿಡಿದರೆ ಭ್ರಮೆ ಮಂಕಾಗುತ್ತದೆ.

ಎರಡು. ತೋಳು ಮುಂದೆ ಚಾಚಿ, ಹೆಬ್ಬೆರಳು ಕೆಳಮುಖ ಮಾಡಿ, ಮಣಿಕಟ್ಟುಗಳನ್ನು ಹಾಯಿಸಿ ಅಂಗೈ ಕೂಡಿಸಿ ಬೆರಳು ಹೆಣೆಯಿರಿ. ಹೆಣೆದ ಕೈಯನ್ನು ಒಳಕ್ಕೆ ತಿರುಗಿಸಿ ಎದೆಯ ಹತ್ತಿರ ತನ್ನಿ. ಎದುರಿನವರು ಮುಟ್ಟದೆ ಒಂದು ಬೆರಳನ್ನು ತೋರಿಸಿ 'ಇದನ್ನು ಎತ್ತಿ' ಎನ್ನಲಿ. ಹಲವರು ಇನ್ನೊಂದು ಕೈಯ ಬೆರಳನ್ನು ಎತ್ತುತ್ತಾರೆ. ಬೆರಳನ್ನು ಮುಟ್ಟಿ ಹೇಳಿದರೆ ತಪ್ಪು ಕಡಿಮೆ. ಮಕ್ಕಳು ಮುಟ್ಟಿಬಿಡುವುದರಿಂದಲೇ ಈ ಪ್ರಯೋಗ ಹೆಚ್ಚಾಗಿ ಕೆಡುವುದು.

ಮೂರನೆಯದಕ್ಕೆ ಒಂದು ರಟ್ಟು, ನಾಲ್ಕು ದಪ್ಪ ಪುಸ್ತಕ, ಎರಡು ಹಾಳೆ ಬೇಕು. ಒಂದು ಹಾಳೆಯ ಮೇಲೆ ಎಡಗೈಯನ್ನು ಅಂಗೈ ಕೆಳಗಾಗಿ ಇರಿಸಿ. ಎರಡೂ ಕಡೆ ಪುಸ್ತಕ ಪೇರಿಸಿ, ಕೈಗೆ ತಗಲದಂತೆ ರಟ್ಟನ್ನು ಮೇಲೆ ಹೊದಿಸಿ, ಅದರ ಮೇಲೆ ಎರಡನೆಯ ಹಾಳೆಯನ್ನು ಇಡಿ. ಸಹಪಾಠಿ 'ಉಂಗುರ ಬೆರಳ ತುದಿ', 'ತೋರುಬೆರಳ ಬುಡದ ಗೆಣ್ಣು' ಎಂದು ಕ್ರಮ ತಪ್ಪಿಸಿ ಹೇಳುತ್ತ ಹೋಗಲಿ. ಆ ಜಾಗದ ನೇರ ಮೇಲೆ ಬಲಗೈಯಿಂದ ಪೆನ್ಸಿಲ್ ಚುಕ್ಕೆ ಇಡಬೇಕು. ಐದು ತುದಿ, ಐದು ಬುಡ, ಒಟ್ಟು ಹತ್ತು ಚುಕ್ಕೆ. ಆಮೇಲೆ ರಟ್ಟು ತೆಗೆದು ಕೆಳಗಿನ ಹಾಳೆಯಲ್ಲಿ ನಿಜವಾದ ಜಾಗಗಳನ್ನು ಗುರುತಿಸಿ ಅಳೆಯಿರಿ. ಚುಕ್ಕೆಗಳ ಕೈಯಲ್ಲಿ ಬೆರಳುಗಳು ನಿಜಕ್ಕಿಂತ ಗಿಡ್ಡ, ಬುಡದ ಗೆಣ್ಣುಗಳ ಸಾಲು ನಿಜಕ್ಕಿಂತ ಅಗಲ. ಲಂಡನ್ನಿನ ಲಾಂಗೊ ಮತ್ತು ಹ್ಯಾಗರ್ಡ್ 2010ರಲ್ಲಿ ಇದನ್ನು ಪ್ರಕಟಿಸಿದರು. ಅವರ ಪ್ರಯೋಗದಲ್ಲಿ ಇದೇ ಜನರಿಗೆ ಕೈಯ ಚಿತ್ರಗಳನ್ನು ತೋರಿಸಿದಾಗ ತಮ್ಮ ಕೈಯ ಆಕಾರವನ್ನು ಸರಿಯಾಗಿಯೇ ಆರಿಸಿದರು. ಕದಿರುಗಳು ಮಡಿಕೆಯ ಕೋನವನ್ನು ಹೇಳಬಲ್ಲವು, ಮೂಳೆಯ ಉದ್ದವನ್ನು ಯಾವ ನರವೂ ಹೇಳುವುದಿಲ್ಲ. ಆ ಉದ್ದವನ್ನು ಮೆದುಳು ತನ್ನೊಳಗಿನ ನಕ್ಷೆಯಿಂದ ತೆಗೆದುಕೊಳ್ಳಬೇಕು, ಆ ನಕ್ಷೆಯೇ ಡೊಂಕು. ಚುಕ್ಕೆಗಳನ್ನು ಹೆಬ್ಬೆರಳಿಂದ ಕಿರುಬೆರಳವರೆಗೆ ಸಾಲಾಗಿ ಕೇಳಿದರೆ ಮಕ್ಕಳು ನೆನಪಿನ ಚಿತ್ರ ಬರೆಯುತ್ತಾರೆ, ಫಲಿತಾಂಶ ಹಾಳಾಗುತ್ತದೆ. ನಡುವೆ ಎಡಗೈ ಕದಲಿದರೆ ಮೊದಲಿಂದ ಮಾಡಿ.

ನಾಲ್ಕನೆಯದಕ್ಕೆ ಕಂಪಿಸುವ ಮಸಾಜರ್ ಬೇಕು. ಮೊಣಕೈಯನ್ನು ಮೇಜಿನ ಮೇಲೂರಿ ತೋಳನ್ನು ಅರ್ಧ ಮಡಿಸಿ ಸಡಿಲ ಬಿಡಿ, ಕಣ್ಣು ಮುಚ್ಚಿ. ಮೊಣಕೈ ಮಡಿಕೆಯ ತುಸು ಮೇಲೆ, ಮುಂಭಾಗದ ಬೈಸೆಪ್ಸ್ ಸ್ನಾಯುರಜ್ಜುವಿನ ಮೇಲೆ ಮಸಾಜರನ್ನು ಹಗುರವಾಗಿ ಇಟ್ಟು ಅರ್ಧ ನಿಮಿಷ ಕಾಯಿರಿ. ಕೈ ಕದಲದಂತೆ ಒಬ್ಬರು ಹಿಡಿದಿರಲಿ. ಕೈ ಚಾಚಿಕೊಳ್ಳುತ್ತಿದೆ ಎನ್ನಿಸುತ್ತದೆ. ಅನ್ನಿಸಿದ ಭಂಗಿಯನ್ನು ಇನ್ನೊಂದು ಕೈಯಿಂದ ತೋರಿಸಲು ಹೇಳಿ. ಕಂಪನವನ್ನು ಕದಿರುಗಳು 'ಸ್ನಾಯು ಹಿಗ್ಗುತ್ತಿದೆ' ಎಂದು ವರದಿ ಮಾಡುವುದೇ ಇದಕ್ಕೆ ಕಾರಣ. 1972ರಲ್ಲಿ ಗುಡ್‌ವಿನ್, ಮೆಕ್‌ಕ್ಲಾಸ್ಕಿ, ಮ್ಯಾಥ್ಯೂಸ್ ಇದನ್ನು ಪ್ರಕಟಿಸಿದ ಮೇಲೆ, ಭಂಗಿಯ ಅರಿವಿಗೆ ಕೀಲುಗಳೇ ಆಧಾರ ಎಂಬ ಹಳೆಯ ಪಾಠ ಬದಲಾಯಿತು. ಅದೇ ಕೈಯಿಂದ ಮೂಗಿನ ತುದಿ ಹಿಡಿದುಕೊಂಡಿದ್ದರೆ ಕೆಲವರಿಗೆ ಮೂಗೇ ಉದ್ದವಾದಂತೆ ಭಾಸವಾಗುತ್ತದೆ! ಭ್ರಮೆ ಚೆನ್ನಾಗಿ ಬರುವುದು ಸೆಕೆಂಡಿಗೆ 70ರಿಂದ 100 ಕಂಪನಗಳಲ್ಲಿ. ನಿಧಾನದ ಮಸಾಜರ್, ಬಿಗಿಹಿಡಿದ ತೋಳು, ಓರೆಗಣ್ಣಿನ ನೋಟ, ಈ ಮೂರರಲ್ಲಿ ಒಂದಿದ್ದರೂ ಪ್ರಯೋಗ ಕೈಕೊಡುತ್ತದೆ. ಎಲ್ಲ ಸರಿಯಿದ್ದರೂ ಕೆಲವರಿಗೆ ಏನೂ ಅನ್ನಿಸದು.

ಪ್ರಶ್ನೆ: ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದೇನೆ. ವೀಣೆಯಂತೆ ಮೆಟ್ಟಿಲುಗಳಿಲ್ಲದ ವಾದ್ಯದಲ್ಲಿ ಬೆರಳು ಸ್ವರಸ್ಥಾನ ಕಲಿಯುವುದು ಹೇಗೆ? ನನ್ನ ಹಿರಿಯ ಸಹಪಾಠಿಯೊಬ್ಬರಿಗೆ ಈಚೆಗೆ ನುಡಿಸುವಾಗ ಮಾತ್ರ ಉಂಗುರ ಬೆರಳೂ ಕಿರುಬೆರಳೂ ಒಳಕ್ಕೆ ಸುರುಳಿಯಾಗುತ್ತಿವೆ, ನೋವಿಲ್ಲ. ಇನ್ನೂ ಹೆಚ್ಚು ಸಾಧನೆ ಮಾಡಬೇಕೇ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಒಂದೇ ಕೆಲಸದಲ್ಲಿ ಮಾತ್ರ, ನೋವಿಲ್ಲದೆ, ಬೆರಳು ಮಾತು ಕೇಳದಿರುವುದು ಫೋಕಲ್ ಡಿಸ್ಟೋನಿಯಾ ಎಂಬ ಚಲನೆಯ ತೊಂದರೆಯ ಲಕ್ಷಣ ಇರಬಹುದು. ವೃತ್ತಿಪರ ಸಂಗೀತಗಾರರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಬರುತ್ತದೆ ಎಂಬ ಅಂದಾಜಿದೆ. ಒಂದೇ ಚಲನೆಯನ್ನು ವಿಪರೀತ ಸಲ ಮಾಡಿದಾಗ, ಹೊರಪದರದಲ್ಲಿ ಬೇರೆಬೇರೆಯಾಗಿ ಇರಬೇಕಾದ ಬೆರಳುಗಳ ನಕ್ಷೆ ಒಂದರ ಮೇಲೊಂದು ಹರಡಿಕೊಳ್ಳುವುದನ್ನು ಮಂಗಗಳಲ್ಲಿ 1996ರಲ್ಲಿ ಬಿಲ್ ಮತ್ತು ಮೆರ್ಜೆನಿಕ್ ತೋರಿಸಿದರು. ಹಠ ಹಿಡಿದು ಸಾಧನೆ ಹೆಚ್ಚಿಸಿದರೆ ಆ ತಪ್ಪೇ ಗಟ್ಟಿಯಾಗುವ ಅಪಾಯವಿದೆ. ಸದ್ಯಕ್ಕೆ ಆ ಪಾಠಾಂತರಗಳನ್ನು ನಿಲ್ಲಿಸಿ, ಚಲನೆಯ ತೊಂದರೆಗಳನ್ನು ನೋಡುವ ನರರೋಗ ತಜ್ಞರ ಬಳಿಗೆ ವಾದ್ಯವನ್ನೂ ತೆಗೆದುಕೊಂಡು ಹೋಗಲಿ, ನುಡಿಸಿ ತೋರಿಸದಿದ್ದರೆ ಕೈ ಪೂರ್ತಿ ಸರಿಯಿದ್ದಂತೆ ಕಾಣುತ್ತದೆ. ಮೊಣಕೈಯಲ್ಲಿ ಅಲ್ನಾರ್ ನರ ಒತ್ತಿಹೋದರೂ ಇದೇ ಎರಡು ಬೆರಳು ತೊಂದರೆ ಕೊಡುವುದರಿಂದ ನರದ ಪರೀಕ್ಷೆಯೂ ಬೇಕು. ಡಿಸ್ಟೋನಿಯಾ ಎಂದಾದರೆ ನಿಧಾನಗತಿಯ ಮರುತರಬೇತಿ, ಬೆರಳಿಗೆ ಕಟ್ಟುವ ಆಸರೆಪಟ್ಟಿ, ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದು ಇವೆ. ಸುಧಾರಿಸಲು ತಿಂಗಳುಗಳೇ ಬೇಕು.

ಇನ್ನು ಸ್ವರಸ್ಥಾನ. ಪಿಟೀಲಿನಲ್ಲಿ ಕಂಪಿಸುವ ತಂತಿಯ ಉದ್ದ ಸುಮಾರು 32.5 ಸೆಂ.ಮೀ. ಬಿಡಿ ತಂತಿಯ ಷಡ್ಜದಿಂದ ಶುದ್ಧ ರಿಷಭಕ್ಕೆ ಹೆಚ್ಚುಕಡಿಮೆ 2 ಸೆಂ.ಮೀ., ಅದೇ ಅಂತರ ಮೇಲಿನ ಸ್ಥಾಯಿಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಬುಡದಲ್ಲಿ 2 ಮಿ.ಮೀ. ತಪ್ಪಿದರೂ ಪಳಗಿದ ಕಿವಿಗೆ ಗೊತ್ತಾಗುತ್ತದೆ. ಅಷ್ಟು ಸೂಕ್ಷ್ಮವನ್ನು ಬೆರಳ ಭಂಗಿಯೊಂದರಿಂದಲೇ ಹಿಡಿಯಲು ಆಗದು. ಭುಜದಲ್ಲಿ 1 ಡಿಗ್ರಿ ತಪ್ಪಿದರೆ 70 ಸೆಂ.ಮೀ. ಉದ್ದದ ಚಾಚಿದ ತೋಳಿನ ತುದಿ 1.2 ಸೆಂ.ಮೀ. ಸರಿಯುತ್ತದೆ, ಬೆರಳಿನ ತುದಿಗೆಣ್ಣಿನಲ್ಲಿ 1 ಡಿಗ್ರಿ ತಪ್ಪಿದರೆ ಸರಿಯುವುದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಆದ್ದರಿಂದ ಮೊದಲು ಕುಳಿತ ಭಂಗಿ, ವಾದ್ಯ ಊರಿದ ಜಾಗ, ಮೊಣಕೈಯ ಎತ್ತರ ದಿನವೂ ಒಂದೇ ಆಗಿರಲಿ. ಕೂರುವುದು ಬದಲಾದ ದಿನ ಸ್ವರ ಜಾರುವುದು ಇದರಿಂದಲೇ. ತಂಬೂರಿ ಶ್ರುತಿಯಲ್ಲಿ ಕಣ್ಣು ಮುಚ್ಚಿ, ಬೆರಳನ್ನು ಪೂರ್ತಿ ಎತ್ತಿ ಮತ್ತೆ ಇಡುವ ಅಭ್ಯಾಸ ಮಾಡಿ. ಇಟ್ಟ ಮೇಲೆ ಜಾರಿಸಿ ಸರಿಪಡಿಸಿಕೊಳ್ಳುತ್ತಿದ್ದರೆ ಮೆದುಳು ಕಲಿಯುವುದು ಜಾರಿಸುವುದನ್ನು. ತಪ್ಪು ಬಿತ್ತೆಂದು ಕಿವಿ ಹೇಳಿದರೆ ಬೆರಳು ಎತ್ತಿ, ಹೊಸದಾಗಿ ಇಡಿ. 1995ರಲ್ಲಿ ಎಲ್ಬರ್ಟ್ ಮತ್ತು ಸಂಗಡಿಗರು ತಂತಿವಾದ್ಯಗಾರರ ಎಡಗೈ ಬೆರಳುಗಳಿಗೆ ಮೆದುಳು ಕೊಡುವ ಪ್ರತಿಕ್ರಿಯೆ ಇತರರಿಗಿಂತ ದೊಡ್ಡದೆಂದೂ, ಎಳವೆಯಲ್ಲಿ ಶುರುಮಾಡಿದವರಲ್ಲಿ ಇನ್ನೂ ದೊಡ್ಡದೆಂದೂ ಅಳೆದು ತೋರಿಸಿದರು.

ಪ್ರಶ್ನೆ: ಅಮ್ಮನಿಗೆ 64 ವರ್ಷ, ಸಸ್ಯಾಹಾರಿ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಕೆಲವು ತಿಂಗಳಿಂದ ರವಿಕೆಯ ಹುಕ್ಕು ಹಾಕಲು ಆಗುತ್ತಿಲ್ಲ, ನೋಡದಿದ್ದರೆ ಕೈಯಿಂದ ಲೋಟ ಜಾರುತ್ತದೆ. ಬಲವೇನೂ ಕಡಿಮೆಯಾಗಿಲ್ಲ. ವಯಸ್ಸಾಯಿತು ಎಂದು ಸುಮ್ಮನಿರಬೇಕೇ?
— ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಸುಮ್ಮನಿರಬೇಡಿ. ಬಲ ಇದ್ದೂ ನೋಡದೆ ಕೆಲಸ ಮಾಡಲಾಗದಿರುವುದು ಭಂಗಿಯ ಸುದ್ದಿ ಒಯ್ಯುವ ದಪ್ಪ ನರತಂತುಗಳ ತೊಂದರೆಯನ್ನು ಸೂಚಿಸುತ್ತದೆ. ಇದಕ್ಕೆ ಬಿ12 ಜೀವಸತ್ವದ ಕೊರತೆ ಕಾರಣವಾಗಿದ್ದರೆ ಬೇಗ ಹಿಡಿದಷ್ಟೂ ಹೆಚ್ಚು ವಾಸಿ, ತಡಮಾಡಿದರೆ ಒಂದಷ್ಟು ನಷ್ಟ ಉಳಿದುಬಿಡುತ್ತದೆ.

ಮನೆಯಲ್ಲಿ ಎರಡು ಪರೀಕ್ಷೆ ಮಾಡಬಹುದು. ಅಮ್ಮನ ಕಣ್ಣು ಮುಚ್ಚಿಸಿ. ಅವರ ತೋರುಬೆರಳಿನ ಕೊನೆಯ ತುಂಡನ್ನು ಎರಡು ಪಕ್ಕಗಳಿಂದ ಹಿಡಿದು, ಕೆಲವೇ ಮಿಲಿಮೀಟರ್ ಮೇಲಕ್ಕೋ ಕೆಳಕ್ಕೋ ಸರಿಸಿ 'ಯಾವ ಕಡೆ?' ಎಂದು ಕೇಳಿ. ಹತ್ತು ಸಲ, ಕ್ರಮ ತಪ್ಪಿಸಿ. ಉಗುರಿನ ಮೇಲೆ ಕೆಳಗೆ ಹಿಡಿಯಬೇಡಿ, ಒತ್ತಡದಿಂದಲೇ ದಿಕ್ಕು ತಿಳಿದುಬಿಡುತ್ತದೆ. ಸರಿಯಿದ್ದವರು ಹೆಚ್ಚುಕಡಿಮೆ ಎಲ್ಲವನ್ನೂ ಸರಿ ಹೇಳುತ್ತಾರೆ. ಕಾಲಿನ ಹೆಬ್ಬೆರಳಿಗೂ ಹೀಗೇ ಮಾಡಿ. ಆಮೇಲೆ ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಅರ್ಧ ನಿಮಿಷ ಕಣ್ಣು ಮುಚ್ಚಿರಲಿ. ಅವರಿಗೆ ತಿಳಿಯದೆ ಬೆರಳುಗಳು ತಾವಾಗಿ ಮೇಲೆ ಕೆಳಗೆ ಅಲೆದಾಡಿದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಸಕ್ಕರೆ ಕಾಯಿಲೆಯ ನರದೋಷ ಸಾಮಾನ್ಯವಾಗಿ ಕಾಲ್ಬೆರಳಿನಿಂದ ಶುರುವಾಗಿ, ಮೊಣಕಾಲಿನ ಹತ್ತಿರ ಏರಿದ ಮೇಲೆ ಕೈಗೆ ಬರುತ್ತದೆ. ಕೈಯಲ್ಲೇ ಮೊದಲು ಅಥವಾ ಕೈಕಾಲು ಒಟ್ಟಿಗೆ ಕಂಡರೆ ಬಿ12, ಕುತ್ತಿಗೆಯಲ್ಲಿ ಬೆನ್ನುಹುರಿಯ ಒತ್ತಡ, ಮಣಿಕಟ್ಟಿನಲ್ಲಿ ನರದ ಒತ್ತಡ ಇವನ್ನು ಹುಡುಕಬೇಕು. ಮೆಟ್‌ಫಾರ್ಮಿನ್ ದೀರ್ಘಕಾಲದಲ್ಲಿ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಸಸ್ಯಾಹಾರದಲ್ಲಿ ಬಿ12 ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. ಕಾಲು ಲೀಟರ್ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಇರುತ್ತದೆ, ದಿನದ ಅಗತ್ಯ 2 ಮೈಕ್ರೋಗ್ರಾಂಗಿಂತ ತುಸು ಹೆಚ್ಚು. ಸೊಪ್ಪು ಕಾಳುಗಳಲ್ಲಿ ಇಲ್ಲ.

ರಕ್ತಪರೀಕ್ಷೆಗೆ ಮೊದಲು ಬಿ ಕಾಂಪ್ಲೆಕ್ಸ್ ಚುಚ್ಚುಮದ್ದು ಹಾಕಿಸಬೇಡಿ, ಫಲಿತಾಂಶ ಸುಳ್ಳಾಗಿ ಏರುತ್ತದೆ. ಬಿ12 ಮಟ್ಟ ಒಂದು ಮಿಲಿಲೀಟರಿಗೆ 200 ಪೈಕೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. 200ರಿಂದ 300ರ ನಡುವೆ ಇದ್ದರೆ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮಲೋನಿಕ್ ಆಮ್ಲದ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಬೇಕು. ರಕ್ತಹೀನತೆ ಇಲ್ಲ ಎಂದ ಮಾತ್ರಕ್ಕೆ ನರಕ್ಕೆ ಧಕ್ಕೆಯಿಲ್ಲ ಎಂದಲ್ಲ. ಫೋಲಿಕ್ ಆಮ್ಲದ ಮಾತ್ರೆ ಒಂದನ್ನೇ ನುಂಗಿದರೆ ರಕ್ತ ಸುಧಾರಿಸಿ ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ, ಅದು ಅಪಾಯಕಾರಿ. ಮೆಟ್‌ಫಾರ್ಮಿನ್ ಅನ್ನು ನೀವಾಗಿ ನಿಲ್ಲಿಸಬೇಡಿ, ಬಿ12 ಸೇರಿಸಿ ಅದನ್ನು ಮುಂದುವರಿಸುವುದು ಸಾಮಾನ್ಯ ಕ್ರಮ. ಸಹಿ ತಪ್ಪುವುದು, ನಡಿಗೆ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ಕುತ್ತಿಗೆಯ ಎಂಆರ್‌ಐ ಬಗ್ಗೆ ತಡಮಾಡದೆ ಕೇಳಿ.

ಪ್ರಶ್ನೆ: ಅಪ್ಪನಿಗೆ ಲಕ್ವ ಹೊಡೆದು ಐದು ತಿಂಗಳು. ಬಲಗೈ ಎತ್ತುತ್ತಾರೆ, ಮುಷ್ಟಿ ಕಟ್ಟುತ್ತಾರೆ. ಆದರೆ ಬೇರೆ ಕಡೆ ನೋಡಿದ ಕೂಡಲೇ ಹಿಡಿದದ್ದು ಬಿದ್ದುಹೋಗುತ್ತದೆ. ಮನೆಯಲ್ಲಿ ಏನು ಮಾಡಿಸಬಹುದು?
— ಓದುಗರು, ಹುಬ್ಬಳ್ಳಿ

ಉತ್ತರ: ಹಿಡಿತ ಒಮ್ಮೆ ಬಿಗಿದು ಬಿಡುವ ಕೆಲಸವಲ್ಲ. ವಸ್ತು ತುಸು ಜಾರಿದರೂ ಚರ್ಮ ಮತ್ತು ಸ್ನಾಯು ತಿಳಿಸುತ್ತವೆ, ಮೆದುಳು ಕ್ಷಣಕ್ಷಣಕ್ಕೂ ಬಿಗಿತ ಹೊಂದಿಸುತ್ತದೆ. ಸುದ್ದಿ ಬರದಿದ್ದಾಗ ಕಣ್ಣು ಆ ಕೆಲಸ ಮಾಡುತ್ತದೆ. ಕಣ್ಣು ತಪ್ಪಿದರೆ ಬಿಗಿತ ಸಡಿಲವಾಗುತ್ತದೆ. ಲಂಡನ್ನಿನಲ್ಲಿ 1982ರಲ್ಲಿ ರಾತ್‌ವೆಲ್ ಮತ್ತು ಸಂಗಡಿಗರು ಕೈಯ ಅರಿವು ಹೋಗಿ ಬಲ ಉಳಿದ ಒಬ್ಬರನ್ನು ಅಭ್ಯಸಿಸಿದ್ದರು. ಅವರು ಕಣ್ಣು ಮುಚ್ಚಿ ಗಾಳಿಯಲ್ಲಿ ಆಕಾರ ಬರೆಯುತ್ತಿದ್ದರು, ಆದರೆ ಗುಂಡಿ ಹಾಕಲು, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ.

ದಿನಕ್ಕೆ ಎರಡು ಸಲ, ಸಲಕ್ಕೆ 20 ನಿಮಿಷ, ಅಪ್ಪ ದಣಿಯದ ಹೊತ್ತಿನಲ್ಲಿ ಮಾಡಿಸಿ. ಮೊದಲು ಅವರು ನೋಡುತ್ತಿರುವಾಗಲೇ ಬೆರಳನ್ನು ಮೇಲೆ ಕೆಳಗೆ ಸರಿಸಿ, ಆಮೇಲೆ ಕಣ್ಣು ಮುಚ್ಚಿಸಿ ದಿಕ್ಕು ಕೇಳಿ. ಹೇಳಿದ ಮೇಲೆ ಕಣ್ಣು ತೆರೆದು ತಾವೇ ನೋಡಿ ತಿಳಿಯಬೇಕು. ಈ ಹೋಲಿಕೆಯಲ್ಲೇ ಕಲಿಕೆ ಇರುವುದು, ಆದ್ದರಿಂದ ನೀವು ಉತ್ತರವನ್ನು ಮೊದಲೇ ಹೇಳಿಬಿಡಬೇಡಿ. ನಂತರ ಬಲಗೈಯನ್ನು ನೀವು ಒಂದು ಭಂಗಿಯಲ್ಲಿಟ್ಟು, ಅದನ್ನೇ ಎಡಗೈಯಿಂದ ತೋರಿಸಲು ಹೇಳಿ. ಕೊನೆಗೆ ಬಟ್ಟೆಯ ಚೀಲದಲ್ಲಿ ಚಮಚ, ಬೀಗದ ಕೈ, ನಿಂಬೆಹಣ್ಣು, ಬಳಪ ಹಾಕಿ, ನೋಡದೆ ಬಲಗೈಯಿಂದ ಗುರುತಿಸಲಿ. ಮೂರು ವಸ್ತುಗಳಿಂದ ಶುರುಮಾಡಿ, ಆಕಾರದಲ್ಲಿ ಹತ್ತಿರದವನ್ನು ಆಮೇಲೆ ಸೇರಿಸಿ. ತೋಳು ಹಿಡಿದು ಎಳೆಯಬೇಡಿ, ಲಕ್ವದ ಭುಜ ಸುಲಭವಾಗಿ ನೋವಿಗೆ ಬೀಳುತ್ತದೆ.

ಕನ್ನಡಿ ಅಭ್ಯಾಸವೂ ಉಪಯುಕ್ತ. 1990ರ ದಶಕದಲ್ಲಿ ವಿ.ಎಸ್. ರಾಮಚಂದ್ರನ್ ಇದನ್ನು ಕೈ ಕಳೆದುಕೊಂಡವರಿಗೆ ಬಳಸಿದರು, ಬಳಿಕ ಪಾರ್ಶ್ವವಾಯುವಿಗೂ ಬಂತು. ಮೇಜಿನ ಮೇಲೆ ಎದೆಯ ನಡುವಿಗೆ ನೇರವಾಗಿ ಕನ್ನಡಿ ನಿಲ್ಲಿಸಿ, ಬಲಗೈ ಅದರ ಹಿಂದೆ ಮರೆಯಾಗಿರಲಿ, ಎಡಗೈ ಕನ್ನಡಿಯಲ್ಲಿ ಕಾಣಲಿ. ಉಂಗುರ, ವಾಚು ತೆಗೆಸಿ, ಇಲ್ಲದಿದ್ದರೆ ಎರಡು ಕೈ ಬೇರೆಯೆಂಬುದು ಎದ್ದು ಕಾಣುತ್ತದೆ. ಕನ್ನಡಿಯನ್ನೇ ನೋಡುತ್ತ ಎರಡೂ ಕೈಗಳನ್ನು ನಿಧಾನವಾಗಿ ಒಟ್ಟಿಗೆ ಆಡಿಸಲು ಯತ್ನಿಸಲಿ, 15 ನಿಮಿಷ ಸಾಕು. ತಲೆಸುತ್ತು ಬಂದರೆ ನಿಲ್ಲಿಸಿ. ಬಿಸಿ ಪಾತ್ರೆ, ಚಾಕು ಎಡಗೈಗೇ ಇರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರವೈಜ್ಞಾನಿಕ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗವಿದೆ. ಹತ್ತಿರದ ಫಿಸಿಯೋಥೆರಪಿ ಅಥವಾ ಆಕ್ಯುಪೇಷನಲ್ ಥೆರಪಿ ತಜ್ಞರಿಗೆ 'ಭಂಗಿಯ ಅರಿವಿಗೆ ಅಭ್ಯಾಸ ಬೇಕು' ಎಂದೇ ಬಿಡಿಸಿ ಹೇಳಿ. ಬಲದ ವ್ಯಾಯಾಮದ ನಡುವೆ ಇದು ಮರೆತುಹೋಗುವುದುಂಟು.

ಪ್ರಶ್ನೆ: ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡವರು ಇಲ್ಲದ ಬೆರಳು ಆಡುತ್ತದೆ ಎನ್ನುತ್ತಾರೆ. ನಿಜವೇ? ಕೃತಕ ಕೈಗೆ ಈ ಅರಿವು ಕೊಡಬಹುದೇ?
— ಓದುಗರು, ಪೀಣ್ಯ, ಬೆಂಗಳೂರು

ಉತ್ತರ: ನಿಜ, ಅದು ಮನೋವಿಕಾರವಲ್ಲ. ಕೈ ಹೋದರೂ ಮೆದುಳಿನ ನಕ್ಷೆಯೂ ಅಪ್ಪಣೆ ಕೊಡುವ ಭಾಗವೂ ಉಳಿದಿರುತ್ತವೆ. ಸಾಮಾನ್ಯ ಕೃತಕ ಕೈಗೆ ಮುಷ್ಟಿ ಕಟ್ಟಲು ಬರುತ್ತದೆ, ಕಟ್ಟಿದೆ ಎಂದು ಹೇಳಲು ಬರುವುದಿಲ್ಲ, ಹಾಗಾಗಿ ಬಳಸುವವರು ಅದನ್ನು ಸದಾ ನೋಡುತ್ತಿರಬೇಕು. 2018ರಲ್ಲಿ ಅಮೆರಿಕದಲ್ಲಿ ಮರಾಸ್ಕೊ ಮತ್ತು ಸಂಗಡಿಗರು, ಕಳೆದುಹೋದ ಕೈಯ ನರಗಳನ್ನು ಶಸ್ತ್ರಚಿಕಿತ್ಸೆಯಿಂದ ಉಳಿದ ಸ್ನಾಯುಗಳಿಗೆ ಜೋಡಿಸಿಕೊಂಡಿದ್ದವರ ಆ ಸ್ನಾಯುಗಳನ್ನು ಕಂಪಿಸಿದರು. ಬೆರಳುಗಳು ಮುಚ್ಚಿಕೊಂಡಂತೆ ಅವರಿಗೆ ಅನ್ನಿಸಿತು, ನೋಡದೆಯೂ ಕೃತಕ ಕೈಯನ್ನು ಚೆನ್ನಾಗಿ ನಡೆಸಿದರು. ಮೇಲೆ ಹೇಳಿದ ಮಸಾಜರ್ ಪ್ರಯೋಗದ ತತ್ವವೇ ಇಲ್ಲಿ ಕೆಲಸ ಮಾಡಿದ್ದು.

ಪ್ರಶ್ನೆ: ತೋಳಿನ ಮೇಲೆ ತಲೆಯಿಟ್ಟು ಮಲಗಿ ಎದ್ದಾಗ ಕೈಗೆ ಜೋಮು ಹಿಡಿದು ಅದು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಅಪಾಯವೇ?
— ಓದುಗರು, ಸಿರ್ಸಿ

ಉತ್ತರ: ಒತ್ತಡ ಬಿದ್ದು ರಕ್ತ ಸಾಲದಾದಾಗ ಮೊದಲು ಸೋಲುವುದು ದಪ್ಪ ನರತಂತುಗಳು. ಹಾಗಾಗಿ ಸ್ಪರ್ಶ ಮತ್ತು ಭಂಗಿಯ ಅರಿವು ಮೊದಲು ಹೋಗುತ್ತವೆ, ನೋವು ಮತ್ತು ಬಿಸಿಯ ಅರಿವು ಇನ್ನಷ್ಟು ಹೊತ್ತು ಉಳಿಯುತ್ತವೆ. ಕೆಲವೇ ನಿಮಿಷಗಳಲ್ಲಿ ಚುಚ್ಚಿದಂತಾಗಿ ಸರಿಹೋದರೆ ಚಿಂತೆಯಿಲ್ಲ. ಎದ್ದ ಮೇಲೂ ಮಣಿಕಟ್ಟು ಮೇಲೆತ್ತಲು ಬಾರದೆ ಜೋಲುಬಿದ್ದರೆ ತೋಳಿನ ರೇಡಿಯಲ್ ನರ ಒತ್ತಿಹೋಗಿರಬಹುದು, ವೈದ್ಯರಿಗೆ ತೋರಿಸಿ. ರಾತ್ರಿ ಪದೇಪದೇ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಮಾತ್ರ ಜೋಮು ಬಂದು, ಕೈ ಕೊಡವಿದರೆ ಕಡಿಮೆಯಾಗುತ್ತಿದ್ದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತುತ್ತಿರಬಹುದು. ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿಯನ್ನು ಕೆಲವು ವಾರ ರಾತ್ರಿ ಕಟ್ಟಿಕೊಂಡು ನೋಡಿ. ಹಾಗೂ ಕಡಿಮೆಯಾಗದಿದ್ದರೆ ಅಥವಾ ಹೆಬ್ಬೆರಳ ಬುಡದ ಮಾಂಸ ಬತ್ತತೊಡಗಿದರೆ ನರದ ವೇಗದ ಪರೀಕ್ಷೆ ಮಾಡಿಸಿ.